ಸಾಯೋ ಕೋಳಿಗೆ ದುಡ್ಡು ಕೊಟ್ಟು ಕೊಕ್ಕರೆ ರೋಗ ನಿಲ್ಸಿದ್ದು: ನನ್ನ ಅನುಭವ

ಈ ಬೇಸಿಗೇಲಿ ಕೊಕ್ಕರೆ ರೋಗ (ಕೋಳಿಗೆ ಬರೋ ವೈರಸ್ ರೋಗ, ರಾಣಿಖೇತ್ ಅಂತಾರಲ್ಲ) ಬಂದು ಪಕ್ಕದೂರಲ್ಲಿ ಕೋಳಿಗೂಡೆಲ್ಲಾ ಖಾಲಿ, ನಮ್ಮ ಕೇರೀಲಿ ಹೋಗಿದ್ದು ಎಲ್ಲೋ ಐದಾರು. "ಸಾಯೋ ಕೋಳಿಗೆ ದುಡ್ಡು ಕೊಡ್ತಾನಂತೆ ಹುಚ್ಚ" ಅಂದಿದ್ರಲ್ಲ, ಅವ್ರೂ ಓದ್ಲಿ ಅಂತಾನೇ ಬರೀತಿದೀನಿ. ಈ ರೋಗದ ಲಸಿಕೆಗಳು ಲಸೋಟಾ, ಆರ್2ಬಿ ಯಾವಾಗ ಹಾಕ್ಬೇಕು ಅಂತ ನಾಟಿ ಕೋಳಿ ಸಾಕೋರಿಗೆ ಗೊತ್ತೇ ಇರತ್ತೆ, ಅದೆಲ್ಲಾ ಬಿಡಿ.

ನಮ್ದು ಅರಕಲಗೂಡು ಕಡೆ, ನೂರು ಚಿಲ್ಲರೆ ಕೋಳಿ. ಮೊದ್ಲು ಲಸಿಕೆ ಹಾಕಿದ್ರೂ ಯುಗಾದಿ ಹತ್ರ ಬಂದ್ರೆ ಹಸಿರು ಹಿಕ್ಕೆ, ಕತ್ತು ತಿರುಚ್ಕೊಳ್ಳೋದು ಶುರು ಆಗೋದು. ಒಂದ್ ವರ್ಷ ಹೊಸತೊಡಕಿಗೆ ಅಂತ ಮೇಯಿಸಿದ್ದ ಹುಂಜಗಳೆಲ್ಲಾ ವಾರದಲ್ಲಿ ಗುಂಡಿ ಸೇರಿದ್ವು, ಮೂವತ್ತು ಸಾವಿರದ ಮೇಲೇ ಲಾಸ್. ಆಮೇಲೆ ವಿಚಾರಿಸಿದ್ರೆ ಲಸಿಕೆ ಮಾರೋ ಅಂಗಡಿಯೋನು ಕರೆಂಟ್ ಬಿಲ್ಲಿಗೆ ಹೆದ್ರಿ ರಾತ್ರಿ ಫ್ರಿಜ್ ಆಫ್ ಮಾಡ್ತಿದ್ದ, ತಣ್ಣಗಿರ್ದಿದ್ರೆ ಲಸಿಕೆ ಕೆಟ್ಟೋಗತ್ತೆ! ಈಗ ಹಾಸನದಿಂದ ಐಸ್ ತುಂಬಿದ ಫ್ಲಾಸ್ಕಲ್ಲಿ ನಾನೇ ತರ್ತೀನಿ. ಬೆಳ್ಳುಳ್ಳಿ, ಅರಿಶಿನ ಎಲ್ಲಾ ತಿನ್ಸಿ ನೋಡಿದೀನಿ, ಈ ರೋಗಕ್ಕೆ ಏನೂ ನಡೆಯಲ್ಲ.

ಲಸಿಕೆ ಒಂದು ವೈಲ್ (ಪುಟ್ಟ ಬಾಟ್ಲಿ) ಅಂದ್ರೆ ನೂರು ಡೋಸ್, ಎಂಟು ಕೋಳಿ ಇರೋರು ಅದನ್ಯಾಕೆ ತರ್ತಾರೆ? ಅದಕ್ಕೆ ಕೇರಿಗೆಲ್ಲಾ ಒಂದೇ ರಾತ್ರಿ, ಕೋಳಿ ಗೂಡಿಗೆ ಸೇರಿದ ಮೇಲೆ ಟಾರ್ಚ್ ಹಿಡ್ಕೊಂಡು ಹಾಕಿದ್ವಿ, ಕೋಳಿಗೆ ಎರಡ್ರೂಪಾಯಿನೂ ಬೀಳ್ಲಿಲ್ಲ. "ಸೂಜಿ ಚುಚ್ಚಿದ್ರೆ ಮೊಟ್ಟೆ ನಿಲ್ಸತ್ತೆ ಕಣ್ಲಾ ಮಗ" ಅಂತ ಒಬ್ರು ಅಜ್ಜಿ ಗೂಡಿನ ಬಾಗಿಲಿಗೇ ಅಡ್ಡ ಕೂತ್ರು. ಆರ್2ಬಿ ಹಾಕಿದ್ಮೇಲೆ ಸ್ವಲ್ಪ ದಿನ ಮೊಟ್ಟೆ ಕಮ್ಮಿ ಆಗೋದುಂಟು, ಅಷ್ಟೂ ದಿನ ನಮ್ಮನೆ ಮೊಟ್ಟೇನೇ ಕೊಟ್ಟೆ.

ಆದ್ರೆ ರೋಗ ಹರಡೋದು ಸಂತೇಲಿ. ಒಂದು ತೂಕಡಿಸಿದ ತಕ್ಷಣ ಉಳಿದಿದ್ದನ್ನೆಲ್ಲಾ ಮಂಕ್ರಿಗೆ ತುಂಬಿ ಸಿಕ್ಕಿದ ರೇಟಿಗೆ ಮಾರ್ತಾರೆ, ನೋಡೋಕೆ ಚೆನ್ನಾಗಿದ್ರೂ ಒಳಗೆ ವೈರಸ್ ಇರತ್ತೆ, ಮಾರದೆ ಉಳಿದಿದ್ದು ಅಲ್ಲಿಂದ ಇನ್ನೊಂದಿಷ್ಟು ಅಂಟಿಸ್ಕೊಂಡು ವಾಪಸ್ ಬರತ್ತೆ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಬಂದಾಗ ಸರ್ಕಾರ ಕೋಳಿ ಕೊಲ್ಲಿಸಿ ಪರಿಹಾರ ಕೊಟ್ಟಿತ್ತಲ್ಲ, ನಾನು ಹಿಡ್ಕೊಂಡಿದ್ದು ಅದನ್ನೇ. ಮನೆಗೆ ಐವತ್ತು ಎತ್ತಿ, ಕಮ್ಮಿ ಬಿದ್ದಿದ್ದಕ್ಕೆ ನನ್ ಕೈಯಿಂದ ಹಾಕಿ, ತೂಕಡಿಸೋ ಕೋಳಿ ತಂದೋರಿಗೆ ನೂರೈವತ್ತು ಕೊಟ್ಟು, ಅದನ್ನ ಕೊಂದು ಸುಣ್ಣ ಹಾಕಿ ಹೂಳ್ದೆ. ದುಡ್ಡು ಸಿಗತ್ತೆ ಅಂದ್ಮೇಲೆ ಯಾರೂ ಮುಚ್ಚಿಡ್ಲಿಲ್ಲ, ಒಂದು ಮೇವು ಬಿಟ್ರೂ ಬಂದು ಹೇಳೋರು. ಸಂತೆಯಿಂದ ಬಂದಿದ್ದು, ನೆಂಟ್ರು ತಂದಿದ್ದು ಯಾವ್ದೇ ಇರ್ಲಿ, 21 ದಿನ ತೋಟದ ಮನೇಲೇ.

ಸಂತೇಲಿ ಅಗ್ಗಕ್ಕೆ ರೋಗದ ಕೋಳಿ ತಂದು ನಂಗೇ ಮಾರೋಕೆ ನೋಡಿದ ಭೂಪನೂ ಇದಾನೆ. ಅದನ್ನ ಹೆಂಗೆ ಪತ್ತೆ ಮಾಡ್ತೀನಿ ಅಂತ ಇಲ್ಲಿ ಹೇಳಲ್ಲ, ಅವನೂ ಓದ್ತಾನೆ. ಮಧ್ಯೆ ಬಾತುಕೋಳೀನೂ ಸಾಕಿ ನೋಡ್ದೆ, ಅವು ರೋಗ ತೋರಿಸ್ದೇನೇ ಹೊತ್ಕೊಂಡು ತಿರುಗ್ತಾವೆ ಅಂತ ಡಾಕ್ಟ್ರು ಅಂದ್ಮೇಲೆ ಮಾರ್ಬಿಟ್ಟೆ. ಇನ್ನೊಂದು, ಒಂದೇ ಸಲ ರಾಶಿ ರಾಶಿ ಸತ್ರೆ ಹೂಳೋಕ್ ಮುಂಚೆ ಪಶು ಡಾಕ್ಟ್ರಿಗೆ ಫೋನ್ ಮಾಡಿ, ಹಕ್ಕಿಜ್ವರನೂ ನೋಡೋಕೆ ಹಿಂಗೇ ಇರತ್ತೆ.

ಈಗ ಪಕ್ಕದೂರೋರು "ನಮ್ಮೂರಿಗೂ ಬಾರಣ್ಣ" ಅಂತಿದಾರೆ. ಬರ್ತೀನಿ, ಪೆಟ್ರೋಲ್ ದುಡ್ಡು ಮೊದ್ಲೇ ಕೊಡ್ಬೇಕು.