ಪಫ್ ಪ್ಯಾನೆಲ್ ಹೊದಿಸುವ ಮುಂಚೆ ಪರ್ಲಿನ್ ಎಳೆದು ನೋಡಿ

ಮೂಡಿಗೆರೆ ಕಡೆಯ ಒಂದು ಕಾಫಿ ಗೋಡಾನ್. ಪರ್ಲಿನ್ (ಮಾಡಿನ ಹೊದಿಕೆ ಹೊರುವ ಉಕ್ಕಿನ ಅಡ್ಡ ಪಟ್ಟಿ) ಗಟ್ಟಿ ಇದೆಯಾ ಅಂತ ಕೇಳಿದ್ದಕ್ಕೆ ಇಬ್ಬರು ಹುಡುಗರು ಹತ್ತಿ ಕುಣಿದೇಬಿಟ್ಟರು. "ನೋಡಿ ಸಾರ್, ಏನೂ ಆಗಲ್ಲ!" ಇದು ಪರೀಕ್ಷೆ ಅಲ್ಲ. ಆಷಾಢದ ಗಾಳಿ ಮಾಡನ್ನು ಮೇಲಕ್ಕೆ ಎಬ್ಬಿಸುತ್ತದೆ. ಆಗ ಒತ್ತಡ ಬೀಳುವುದು ಝಡ್ (Z ಆಕಾರದ) ಪರ್ಲಿನ್ನಿನ ಕೆಳ ಅಂಚಿಗೆ. ಮೇಲಂಚನ್ನು ಪಫ್ ಪ್ಯಾನೆಲ್ (ಎರಡು ತಗಡಿನ ನಡುವೆ ಫೋಮ್ ತುಂಬಿದ ಹೊದಿಕೆ) ಹಿಡಿದಿರುತ್ತದೆ, ಕೆಳಗಿನದಕ್ಕೆ ದಿಕ್ಕಿಲ್ಲ. ಅದು ಪಕ್ಕಕ್ಕೆ ಸರಿದು ಇಡೀ ಪರ್ಲಿನ್ ತಿರುಚಿಕೊಳ್ಳುತ್ತದೆ.

ಮೊದಲು ಕತ್ತರಿಸಿದ ತುದಿಗೆ ವರ್ನಿಯರ್ ಹಿಡಿದು ತಗಡಿನ ದಪ್ಪ ಅಳೆಯಿರಿ. 2 ಎಂಎಂ ಅಂತ ಬಿಲ್ ಹಾಕಿ 1.6 ಕಳಿಸುವವರಿದ್ದಾರೆ.

ಆಮೇಲೆ ನೆಲದ ಮೇಲೆ ಎಳೆಯುವ ಪರೀಕ್ಷೆ. ಒಂದು ಮೀಟರ್ ಪರ್ಲಿನ್ ತುಂಡಿಗೆ ಪ್ಯಾನೆಲ್ ತುಂಡು ಕೂರಿಸಿ. ಸ್ಕ್ರೂ, ವಾಷರ್, ಅಂತರ ಎಲ್ಲ ಮಾಡಿನ ಮೇಲೆ ಹಾಕುವಂತೆಯೇ ಇರಲಿ. ಈಗ ಮಗುಚಿ, ಪ್ಯಾನೆಲ್ಲಿನ ಎರಡೂ ಬದಿ ಮರದ ರೀಪಿಗೆ ಬಿಗಿಯಿರಿ. ಪರ್ಲಿನ್ ಮೇಲೆ ನಿಂತಿರುತ್ತದೆ. ಅದರ ಬಿಡಿ ಅಂಚಿಗೆ ಹಣ್ಣು ತೂಗುವ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಅಡ್ಡಕ್ಕೆ ಎಳೆಯಿರಿ. 5 ಕೆ.ಜಿ., 10, 15, 20. ಪ್ರತಿ ಸಲ ಅಂಚು ಎಷ್ಟು ಎಂಎಂ ಸರಿಯಿತು ಅಂತ ಬರೆದುಕೊಳ್ಳಿ. ಬಿಟ್ಟಾಗ ಮೊದಲಿನ ಜಾಗಕ್ಕೆ ಬಂತಾ ನೋಡಿ. ಆಮೇಲೆ ಎದುರು ದಿಕ್ಕಿಗೂ ಎಳೆಯಿರಿ. ಝಡ್ ಎರಡೂ ಕಡೆಗೆ ಒಂದೇ ಥರ ಇರಲ್ಲ. ಸರಿಯುವುದು ಸಮವಾಗಿ ಹೆಚ್ಚುತ್ತಾ ಇದ್ದದ್ದು ಥಟ್ಟನೆ ಜಿಗಿದರೆ ಸ್ಕ್ರೂ ತಲೆ ನೋಡಿ. ಅರ್ಧ ಎಂಎಂ ತಗಡಿನಲ್ಲಿ ವಾಷರ್ ಹೂತು, ಒಳಗಿನ ಫೋಮ್ ತಗ್ಗಾಗಿರುತ್ತದೆ. ಡ್ರಿಲ್ಲನ್ನು ಪೂರ್ತಿ ಜೋರಿನಲ್ಲಿ ಬಿಗಿಯುವವರ ಕೈಯಲ್ಲಿ ಇದು ಗ್ಯಾರಂಟಿ. ತೆಳು ರಬ್ಬರ್ ವಾಷರ್ ಸುಮ್ನೆ ದುಡ್ಡು ದಂಡ. ಬರೆದ ಅಂಕಿಗಳನ್ನು ಎಂಜಿನಿಯರ್‌ಗೆ ಕೊಡಿ. ಸ್ಯಾಗ್ ರಾಡ್ (ಪರ್ಲಿನ್ ಪಕ್ಕಕ್ಕೆ ಸರಿಯದಂತೆ ಒಂದಕ್ಕೊಂದು ಕಟ್ಟುವ ಸರಳು) ಎಷ್ಟು ಬೇಕು ಅಂತ ಲೆಕ್ಕ ಹಾಕಲು ಅವರಿಗೆ ಅದು ಬೇಕು. "ಪ್ಯಾನೆಲ್ಲೇ ಹಿಡಿಯುತ್ತೆ, ರಾಡ್ ಯಾಕೆ?" ಅನ್ನುವವರ ಮಾತು ಕೇಳಬೇಡಿ.

ಕೊನೆಗೆ, ಮಾಡಿಗೆ ಕೂರಿಸಿದ ಪರ್ಲಿನ್ ಮೇಲೆ ಭಾರ ಹೇರುವ ಪರೀಕ್ಷೆ. 5 ಮೀಟರ್ ಉದ್ದ, 1.4 ಮೀಟರ್ ಅಂತರದ ಪರ್ಲಿನ್ ಹೊರುವುದು 7 ಚದರ ಮೀಟರ್. ಇಳಿಜಾರು 10 ಡಿಗ್ರಿ ಒಳಗಿದ್ದರೆ ಚದರ ಮೀಟರಿಗೆ 75 ಕೆ.ಜಿ. ಅಂದರೆ 25 ಕೆ.ಜಿ.ಯ 21 ಮರಳು ಚೀಲ. ಕೆಳಗೆ ಯಾರೂ ನಿಲ್ಲಬಾರದು. ಬಿದ್ದರೆ ತಡೆಯಲು ಒಂದು ಅಡ್ಡ ದಿಮ್ಮಿ ಇರಲಿ. ನಡುವಿನ ಬಾಗು ದಾರ ಕಟ್ಟಿ ಅಳೆಯಿರಿ. ಉದ್ದದ 150ನೇ ಒಂದು ಭಾಗ, ಅಂದರೆ 33 ಎಂಎಂ ದಾಟಬಾರದು.

ಚೀಲ ಇಳಿಸಿದ ಮೇಲೂ ಮೂರ್ನಾಲ್ಕು ಎಂಎಂ ಬಾಗು ಉಳಿದರೆ ಗಾಬರಿ ಬೇಡ, ಬೋಲ್ಟ್ ಕೂತಿರಬಹುದು. ಮತ್ತೊಮ್ಮೆ ಹೇರಿ. ಎರಡನೇ ಸಲವೂ ಬಾಗು ಉಳಿದು ಇನ್ನಷ್ಟು ಬೆಳೆದರೆ ಆ ಪರ್ಲಿನ್ ಬಿಚ್ಚಿಸಿ.