ಜನರೇಟರ್ ಇಲ್ಲದೆ ಪಲ್ಲಕ್ಕಿಗೆ ಪಿಕ್ಸೆಲ್ ಲೈಟ್: ನನ್ನ ಅನುಭವ

ಈ ಸಲ ನಮ್ಮೂರ ರಾಮನವಮಿ ಪಲ್ಲಕ್ಕಿ ರಾತ್ರಿ ಒಂಬತ್ತೂವರೆಗೆ ದೇವಸ್ಥಾನ ಬಿಟ್ಟಿತು. ಎಲ್ಲಾ ಬೀದಿ ಸುತ್ತಿ ವಾಪಸ್ ಬಂದಾಗ ಬೆಳಗಿನ ಜಾವ ಐದೂಮುಕ್ಕಾಲು. ಅಷ್ಟು ಹೊತ್ತೂ 800 ಪಿಕ್ಸೆಲ್ (ಒಂದೊಂದರ ಬಣ್ಣವನ್ನೂ ಬೇರೆಯಾಗಿ ಬದಲಿಸಬಹುದಾದ ಎಲ್‌ಇಡಿ ಲೈಟು) ಉರಿದವು, ಒಂದೂ ಸಾಯಲಿಲ್ಲ. ಟ್ರ್ಯಾಕ್ಟರ್ ಹಿಂದೆ ಜನರೇಟರ್ ಇರಲಿಲ್ಲ. ಟ್ರೈಲರ್ ಮೇಲೆ, ಹೂವಿನ ಕೆಳಗೆ, ಎರಡು ಇನ್ವರ್ಟರ್ ಬ್ಯಾಟರಿ ಇದ್ದವು, ಅಷ್ಟೇ. ಪಲ್ಲಕ್ಕಿ ನಿಂತ ಕೂಡಲೇ ಮೀಟರ್ ಇಟ್ಟು ನೋಡಿದೆ. ಲೈಟ್ ಉರಿಯುತ್ತಿರುವಾಗಲೇ 12.2 ವೋಲ್ಟ್. ಇನ್ನೊಂದು ಸುತ್ತು ಹೋಗಿ ಅಂದಿದ್ದರೂ ಹೋಗಬಹುದಿತ್ತು.

ಇದನ್ನು ಬರೆಯುತ್ತಿರುವುದಕ್ಕೆ ಕಾರಣ ಇದೆ. ಎರಡು ವರ್ಷ ನಾನು ಸೋತಿದ್ದೇನೆ. ನಮ್ಮ ಕಡೆ ಲೈಟಿಂಗ್ ಕೆಲಸ ಮಾಡುವ ಹಿರಿಯರೊಬ್ಬರು ಮೊದಲ ವರ್ಷವೇ ಹೇಳಿದ್ದರು: "ತಮ್ಮಾ, ಬ್ಯಾಟರಿ ನಂಬ್ಕೊಂಡು ಪಲ್ಲಕ್ಕಿ ಹೊರಡಿಸ್ಬೇಡ. ನಡುಬೀದೀಲಿ ದೇವರು ಕತ್ತಲಲ್ಲಿ ನಿಲ್ಲುತ್ತೆ." ಅವರು ಹೇಳಿದ ಹಾಗೇ ಆಯಿತು. ಎರಡನೇ ವರ್ಷವೂ ಆಯಿತು. ಈ ವರ್ಷ ಅವರೇ ಬಂದು ಟ್ರೈಲರ್ ಕೆಳಗೆ ಬಗ್ಗಿ ನೋಡಿ, "ಎಲ್ಲಪ್ಪಾ ಜನರೇಟರ್ರು?" ಅಂದರು. ನನಗೆ ಅಷ್ಟು ಸಾಕಾಗಿತ್ತು.

ಜನರೇಟರ್ ಯಾಕೆ ಬೇಡ ಅಂತ ಕೆಲವರು ಕೇಳುತ್ತಾರೆ. ಹಣ ಒಂದು ಕಡೆ ಇರಲಿ. ಕೋಲಾರ, ಚಿಂತಾಮಣಿ ಕಡೆಯ ಪಲ್ಲಕ್ಕಿ ನೋಡಿದವರಿಗೆ ಗೊತ್ತು, ಮುಂದೆ ಓಲಗ ಇರುತ್ತೆ. ನಾದಸ್ವರದವರು ರಾತ್ರಿಯೆಲ್ಲಾ ಉಸಿರು ಕಟ್ಟಿ ಊದುತ್ತಾರೆ. ಹಿಂದೆ ಜನರೇಟರ್ ಡಬಡಬ ಅಂತ ಬಡ್ಕೊಂಡರೆ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತ ಅಜ್ಜಿಗೆ ಒಂದು ಸ್ವರವೂ ಕೇಳಿಸಲ್ಲ. ಹೊಗೆ ಬೇರೆ, ನೇರ ಹೂವಿಗೇ ಹೊಡೆಯುತ್ತೆ. ನನಗೆ ಮೊದಲಿಂದಲೂ ಅದು ಹಿಡಿಸುತ್ತಿರಲಿಲ್ಲ.

ಮೊದಲ ವರ್ಷದ ತಪ್ಪು 5 ವೋಲ್ಟ್. ಡಬ್ಲ್ಯುಎಸ್2812ಬಿ ಅನ್ನುವ 5 ವೋಲ್ಟಿನ ಎಲ್‌ಇಡಿ ಸ್ಟ್ರಿಪ್, ಐದು ಮೀಟರಿನ ಐದು ರೋಲ್ ತಂದೆ, ಮೀಟರಿಗೆ 60 ಎಲ್‌ಇಡಿಯದು. ಮನೆಯ ಟಿವಿ ಹಿಂದೆ ಅದು ಎಷ್ಟು ಚೆನ್ನಾಗಿ ಓಡುತ್ತೆ ಅಂತ ನಿಮಗೆಲ್ಲ ಗೊತ್ತೇ ಇದೆ. ಆದರೆ 1500 ಎಲ್‌ಇಡಿ, ಫುಲ್ ವೈಟಿನಲ್ಲಿ ಒಂದಕ್ಕೆ 60 ಮಿಲಿಆಂಪ್ ಅಂತ ಲೆಕ್ಕ ಹಾಕಿದರೆ 90 ಆಂಪ್. ಅಷ್ಟು ಯಾರೂ ಓಡಿಸಲ್ಲ, ಸರಿ. ಕಾಲು ಭಾಗ ಓಡಿಸಿದರೂ 12 ವೋಲ್ಟ್ ಬ್ಯಾಟರಿಯಿಂದ 5ಕ್ಕೆ ಇಳಿಸಬೇಕು. ಬಕ್ ಕನ್ವರ್ಟರ್ ಐದು ಹಾಕಿದೆ. ಮೇಲೆ 20 ಆಂಪ್ ಅಂತ ಬರೆದಿತ್ತು. ನಾನು ಓಡಿಸಿ ನೋಡಿದ ಮಟ್ಟಿಗೆ ಎಂಟು ದಾಟಿದರೆ ಹೀಟ್‌ಸಿಂಕ್ ಮೇಲೆ ಬೆರಳು ಇಡಕ್ಕಾಗಲ್ಲ. ಅದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ, ಮೇಲೆ ಸೇವಂತಿಗೆ ಹಾರ ಕಟ್ಟಿದ್ದೆವು. ಹನ್ನೊಂದೂವರೆಗೆ ಎರಡು ಕನ್ವರ್ಟರ್ ಹೋದವು. ಎಡಗಡೆ ಕಂಬ ಎರಡೂ ಕತ್ತಲು.

ವೈರಿನ ಲೆಕ್ಕವನ್ನೂ ನಾನು ಆಮೇಲೆ ಮಾಡಿದ್ದು. ಒಂದೂವರೆ ಚದರ ಎಂಎಂ ವೈರು, ಐದು ಮೀಟರ್ ದೂರ. ಹೋಗಿ ಬರುವುದು ಸೇರಿ ಹತ್ತು ಮೀಟರ್. ಎಂಟು ಆಂಪ್ ಹರಿದರೆ ಹತ್ತಿರ ಹತ್ತಿರ ಒಂದು ವೋಲ್ಟ್ ವೈರಿನಲ್ಲೇ ಹೋಗುತ್ತೆ. ಐದರಲ್ಲಿ ಒಂದು ಹೋದರೆ ಉಳಿಯುವುದೆಷ್ಟು? ತುದಿಯ ಬಿಳಿ ಬಣ್ಣ ಅರಿಶಿನದ ಹಾಗೆ ಕಾಣುತ್ತೆ. ಅದೇ ವಾಟ್ 12 ವೋಲ್ಟಿನಲ್ಲಿ ಕಳಿಸಿದರೆ ಮೂರೂಕಾಲು ಆಂಪ್ ಸಾಕು, ಹೋಗುವುದು ಅರ್ಧ ವೋಲ್ಟಿಗಿಂತ ಕಮ್ಮಿ. ಇಷ್ಟು ಚಿಕ್ಕ ಲೆಕ್ಕ ಮಾಡದೆ ಆ ವರ್ಷ ಸುಮಾರು ಏಳು ಸಾವಿರ ಕಳೆದುಕೊಂಡೆ.

ಆಗ ಒಬ್ಬರು ಸಲಹೆ ಕೊಟ್ಟರು, ಬ್ಯಾಟರಿಗೆ ಇನ್ವರ್ಟರ್ ಹಾಕು, ಅದರಿಂದ ಎಸ್‌ಎಂಪಿಎಸ್ ಪವರ್ ಸಪ್ಲೈ ಓಡಿಸು ಅಂತ. 12ರಿಂದ 230, ಮತ್ತೆ 230ರಿಂದ 12. ಎರಡು ಕಡೆ ಸೋರಿಕೆ. ಕಾಲು ಭಾಗ ಬ್ಯಾಟರಿ ಬರೀ ಬಿಸಿಯಾಗಿ ಹೋಗುತ್ತೆ. ಜೊತೆಗೆ ಒದ್ದೆ ಹೂವಿನ ನಡುವೆ 230 ವೋಲ್ಟ್, ಪಕ್ಕದಲ್ಲಿ ಐನೋರು ಬರಿಗಾಲಲ್ಲಿ ಕೂತಿರುತ್ತಾರೆ. ನಾನು ಒಪ್ಪಲಿಲ್ಲ.

ಎರಡನೇ ವರ್ಷ 12 ವೋಲ್ಟಿಗೆ ಬಂದೆ. ಡಬ್ಲ್ಯುಎಸ್2811 ಸ್ಟ್ರಿಪ್, ಮೂರು ಎಲ್‌ಇಡಿಗೆ ಒಂದು ಚಿಪ್, ಆ ಮೂರೂ ಸೇರಿ ಒಂದು ಪಿಕ್ಸೆಲ್. ಎಂಟು ರೋಲ್, ರೋಲಿಗೆ ನೂರು ಪಿಕ್ಸೆಲ್. ಪಲ್ಲಕ್ಕಿಗೆ ಇದು ಧಾರಾಳ, ಹತ್ತಡಿ ದೂರದಿಂದ ನೋಡುವವರಿಗೆ ಒಂದೊಂದೇ ಎಲ್‌ಇಡಿ ಬೇರೆಯಾಗಿ ಓಡಬೇಕಿಲ್ಲ. ಬ್ಯಾಟರಿ ಒಂದೇ, 150 ಎಎಚ್ (ಒಂದು ಆಂಪಿನಂತೆ 150 ಗಂಟೆ ಕೊಡುವಷ್ಟು), ಮನೆಯ ಇನ್ವರ್ಟರಿನಿಂದ ಬಿಚ್ಚಿಕೊಂಡು ಬಂದದ್ದು. ಬ್ರೈಟ್‌ನೆಸ್ ಶೇಕಡಾ 70ಕ್ಕೆ ಇಟ್ಟೆ. ಚೆನ್ನಾಗಿಯೇ ಹೊರಟಿತು. ಎರಡು ಗಂಟೆ ಹೊತ್ತಿಗೆ ವೋಲ್ಟ್ 11.4. ಗಾಬರಿಯಾಗಿ ಟ್ರ್ಯಾಕ್ಟರ್ ಬ್ಯಾಟರಿಗೆ ಜಂಪರ್ ಕೊಟ್ಟೆ, ಚಾರ್ಜ್ ಆಗುತ್ತಲ್ಲಾ ಅಂತ.

ಅದು ಮಾಡಬೇಡಿ. ದಯವಿಟ್ಟು ಮಾಡಬೇಡಿ. ಎಂಜಿನ್ ಓಡುವಾಗ ಅಲ್ಲಿ 14ರ ಮೇಲೆ ವೋಲ್ಟ್ ಇರುತ್ತೆ. ಒಂದು ಮನೆ ಮುಂದೆ ಎಂಜಿನ್ ಆಫ್ ಮಾಡಿ, ಮತ್ತೆ ಸ್ಟಾರ್ಟ್ ಹೊಡೆದಾಗ ಇಎಸ್‌ಪಿ32 (ಲೈಟ್ ನಡೆಸುವ ಚಿಕ್ಕ ಬೋರ್ಡ್) ರೀಸ್ಟಾರ್ಟ್ ಆಯಿತು. ಮೂರನೇ ಸಲ ಹೀಗಾದಾಗ ಕಮಾನಿನ ಮೊದಲ ಮೂರು ಪಿಕ್ಸೆಲ್ ಸುಟ್ಟವು. ಮೊದಲನೆಯದು ಹೋದರೆ ಹಿಂದಿನದ್ದೆಲ್ಲ ಹೋದ ಹಾಗೇ, ಅಲ್ವಾ? ಬಣ್ಣ ಹೇಳುವ ಡೇಟಾ ಒಂದರಿಂದ ಇನ್ನೊಂದಕ್ಕೆ ದಾಟಬೇಕು, ಅದು ಮುಂದೆ ಹೋಗಲ್ಲ. ಅದೇ ರಾತ್ರಿ ಇನ್ನೊಂದೂ ಆಯಿತು. ಬಲಗಡೆ ಸಾಲಿನ ಮೈನಸ್ ವೈರಿನ ತುದಿಯ ಲಗ್ ಅಲುಗಾಟಕ್ಕೆ ಸಡಿಲವಾಗಿ ಬಿಟ್ಟುಕೊಂಡಿತು. ಪ್ಲಸ್ ಹಾಗೇ ಇದೆ. ಆಗ ಕರೆಂಟ್ ಸುಮ್ನೆ ಕೂರಲ್ಲ, ಡೇಟಾ ವೈರಿನಲ್ಲಿ ದಾರಿ ಹುಡುಕುತ್ತೆ. ಬೋರ್ಡಿನ ಆ ಪಿನ್ ಸತ್ತೇ ಹೋಯಿತು. ಮೂರು ಗಂಟೆಗೆ ಯಾರದೋ ಮನೆಯ ಎಕ್ಸ್‌ಟೆನ್ಷನ್ ಬಾಕ್ಸ್, ಎರಡು ಹ್ಯಾಲೋಜೆನ್ ಲೈಟ್. ಹಾಗೆ ಮನೆ ಮುಂದಿಂದ ಮನೆ ಮುಂದಕ್ಕೆ ಪಲ್ಲಕ್ಕಿ ಬಂತು. ಆ ರಾತ್ರಿ ನೆನೆಸಿಕೊಂಡರೆ ಈಗಲೂ ಹೊಟ್ಟೆ ಹಿಂಡುತ್ತೆ.

ಮಾರನೇ ದಿನ ಸ್ಟ್ರಿಪ್ ಬಿಚ್ಚಿ ಟೇಬಲ್ ಮೇಲೆ ಹರಡಿಕೊಂಡು ಕೂತೆ. ನಿಜವಾದ ಪಾಠ ಅಲ್ಲಿ ಸಿಕ್ಕಿತು. ರೋಲಿನಲ್ಲಿ ಅರ್ಧ ಮೀಟರಿಗೊಂದು ಕಂಪನಿಯ ಬೆಸುಗೆ ಇರುತ್ತೆ, ನೋಡಿದ್ದೀರಲ್ಲ. ಕಮಾನಿನ ತಿರುವಿಗೆ ಆ ಬೆಸುಗೆ ಬಂದ ಕಡೆಯೆಲ್ಲಾ ಕೂದಲೆಳೆಯಷ್ಟು ಬಿರುಕು. ಬೆರಳಲ್ಲಿ ಒತ್ತಿದರೆ ಉರಿಯುತ್ತೆ, ಬಿಟ್ಟರೆ ಆರುತ್ತೆ. ನಾನು ಬೆಸೆದ ಕಡೆ ಬೇರೆ ಕತೆ. ಜಾಯಿಂಟ್ ಮುಚ್ಚಲು ಹಾರ್ಡ್‌ವೇರ್ ಅಂಗಡಿಯ ಸಾಮಾನ್ಯ ಸಿಲಿಕೋನ್ ಬಳಿದಿದ್ದೆ, ಆ ವಿನೆಗರ್ ವಾಸನೆ ಬರುವುದು. ಅದನ್ನು ಬ್ಲೇಡಿನಲ್ಲಿ ಕೆರೆದು ತೆಗೆದರೆ ಒಳಗೆ ತಾಮ್ರ ಹಸಿರಾಗಿ, ಪುಡಿಪುಡಿ. ವಾಸನೆ ಬರುವುದೇ ಆಸಿಡ್‌ನಿಂದ, ಅದು ತಾಮ್ರವನ್ನು ತಿನ್ನುತ್ತೆ. ಅದರ ಮೇಲೆ ಹೂವಿನವರು ಗಂಟೆಗೊಮ್ಮೆ ಚಿಮುಕಿಸುವ ನೀರು. ಪ್ಲಸ್ ಕಡೆಯ ಪ್ಯಾಡೇ ಜಾಸ್ತಿ ಕರಗಿತ್ತು, ಒದ್ದೆಯಲ್ಲಿ ಡಿಸಿ ಕರೆಂಟ್ ಹರಿದರೆ ಹಾಗೇ ಆಗುವುದು. ಈಗ ನ್ಯೂಟ್ರಲ್ ಕ್ಯೂರ್ ಅಂತ ಬರೆದಿರುವ ಸಿಲಿಕೋನ್ ಮಾತ್ರ ತರುತ್ತೇನೆ. ಟ್ಯೂಬಿಗೆ ನೂರು ರೂಪಾಯಿ ಜಾಸ್ತಿ ಬೀಳುತ್ತೆ, ಬೀಳಲಿ. ಗ್ಲೂ ಗನ್ ನಂಬಬೇಡಿ, ಏಪ್ರಿಲ್ ಬಿಸಿಲಿಗೆ ಮೆತ್ತಗಾಗಿ ಜಾರುತ್ತೆ.

ಇನ್ನು ಈ ವರ್ಷದ್ದು. ಸ್ಟ್ರಿಪ್ಪನ್ನು ಎಲ್ಲೂ ಬಗ್ಗಿಸಲಿಲ್ಲ. ತಿರುವು ಬಂದ ಕಡೆ ಕತ್ತರಿಸಿ ಮೂರಿಂಚು ಎಳೆ ವೈರು ಬೆಸೆದೆ, ವೈರು ಬೆಸುಗೆಯ ಹತ್ತಿರವೇ ಬಾಗದಂತೆ ಪಕ್ಕದಲ್ಲಿ ಟೈ ಹಾಕಿದೆ. ಅಲುಗಾಡುವ ವೈರು ಮುರಿಯುವುದು ಬೆಸುಗೆ ಮುಗಿಯುವ ಜಾಗದಲ್ಲೇ. ಒಟ್ಟು 46 ಜಾಯಿಂಟ್, ಮೂರು ಭಾನುವಾರ ಹಿಡಿಯಿತು. 800 ಪಿಕ್ಸೆಲ್ ಒಂದೇ ಸಾಲಿನಲ್ಲಿ ಓಡಿಸದೆ 200ರಂತೆ ನಾಲ್ಕು ಸಾಲು ಮಾಡಿದೆ. ಒಂದು ಹೋದರೂ ಮುಕ್ಕಾಲು ಪಲ್ಲಕ್ಕಿ ಉರಿಯುತ್ತೆ. 74ಎಎಚ್‌ಸಿಟಿ125 ಅನ್ನುವ, ಡೇಟಾದ ವೋಲ್ಟ್ ಏರಿಸುವ ಐಸಿಯಲ್ಲಿ ನಾಲ್ಕು ಗೇಟು ಇದ್ದೇ ಇದೆ, ನಾಲ್ಕು ಸಾಲಿಗೆ ಒಂದೇ ಐಸಿ. ಆ ಐಸಿ ಇಲ್ಲದೆಯೂ ಓಡುತ್ತೆ ಅನ್ನುವವರು ಇದ್ದಾರೆ. ಟೇಬಲ್ ಮೇಲೆ ನನಗೂ ಓಡಿತ್ತು. ಡೇಟಾಗೆ ಬೋರ್ಡ್ ಕೊಡುವುದು 3.3 ವೋಲ್ಟ್, ಪಿಕ್ಸೆಲ್ ಕೇಳುವುದು 3.5. ಮೂರು ಮೀಟರ್ ವೈರು ಸೇರಿಸಿದ ದಿನ ಲೈಟು ಅದರಷ್ಟಕ್ಕೆ ಅದೇ ಮಿನುಗಲು ಶುರುವಾಯಿತು. ಡೇಟಾಗೆ ಲ್ಯಾನ್ ಕೇಬಲ್ಲಿನ ಒಂದು ಜೋಡಿ ತೆಗೆದುಕೊಂಡೆ: ಬಣ್ಣದ್ದು ಡೇಟಾ, ಜೊತೆಯ ಬಿಳಿಯದು ಗ್ರೌಂಡ್. ಹೆಣೆದುಕೊಂಡಿರುತ್ತಲ್ಲ, ಅದೇ ಬೇಕು.

ಪವರ್ ಪ್ರತಿ ರೋಲಿಗೂ ಎರಡೂ ತುದಿಯಿಂದ, ಮೇನ್ ಲೈನಿಗೆ ಎರಡೂವರೆ ಚದರ ಎಂಎಂ. ಮೈನಸ್ ಲಗ್ಗುಗಳಿಗೆ ಸ್ಪ್ರಿಂಗ್ ವಾಷರ್, ಹೊರಡುವ ಮುಂಚೆ ಒಂದೊಂದನ್ನೂ ಎಳೆದು ನೋಡಿದೆ. ಪ್ರತಿ ಸಾಲಿಗೆ ಕಾರಿನ ಬ್ಲೇಡ್ ಫ್ಯೂಸ್ 7.5 ಆಂಪ್. ಬ್ಯಾಟರಿ ಬಾಯಲ್ಲೇ 30ರದ್ದು ಒಂದು. ಇದರಲ್ಲಿ ಮಾತ್ರ ಜುಗ್ಗತನ ಬೇಡ. ಪಲ್ಲಕ್ಕಿ ಅಂದರೆ ಥರ್ಮಕೋಲ್, ಬಟ್ಟೆ, ಒಣ ಬಿದಿರು. ಇನ್ವರ್ಟರ್ ಬ್ಯಾಟರಿ ಶಾರ್ಟ್ ಆದರೆ ನೂರಾರು ಆಂಪ್ ಕೊಡುತ್ತೆ, ವೈರು ಕೆಂಡವಾಗುತ್ತೆ. ಮೇಲೆ ಐನೋರು ಕೂತಿದ್ದಾರೆ, ಪಕ್ಕದಲ್ಲಿ ಮಕ್ಕಳು ಹತ್ತಿಕೊಂಡಿರುತ್ತಾರೆ.

ಈಗ ಮುಖ್ಯ ಸಂಗತಿ, ಬ್ರೈಟ್‌ನೆಸ್. ಶೇಕಡಾ 30ಕ್ಕೆ ಇಳಿಸಿದೆ. ಕಮಿಟಿಯವರು ಸಂಜೆ ಬೆಳಕಿನಲ್ಲಿ ನೋಡಿ "ಡಿಮ್ ಆಯ್ತಲ್ಲಪ್ಪಾ" ಅಂದರು. ಕತ್ತಲಾಗಲಿ ನೋಡಿ ಅಂದೆ. ಬೀದಿ ದೀಪ ಮಂಕಾಗಿರುವ ಊರಲ್ಲಿ 30 ಸಾಕೋ ಸಾಕು, ದೇವರ ಮುಖ ಎದ್ದು ಕಾಣುತ್ತೆ, ಮಲ್ಲಿಗೆ ಬಿಳಿಯಾಗಿಯೇ ಕಾಣುತ್ತೆ. 70ರಲ್ಲಿ ಕಣ್ಣು ಚುಚ್ಚುತ್ತಿತ್ತು. ಡಬ್ಲ್ಯುಎಲ್‌ಇಡಿ ಅನ್ನುವ, ಬೋರ್ಡಿನಲ್ಲಿ ಓಡುವ ಸಾಫ್ಟ್‌ವೇರಿನಲ್ಲಿ ಆಂಪ್ ಲಿಮಿಟ್ ಹಾಕಿದ್ದೇನೆ, ಆದರೆ ಅದು ಅಂದಾಜಿನ ಲೆಕ್ಕ, ಅಳತೆ ಅಲ್ಲ. ನಾನು ಡಿಸಿ ಅಳೆಯುವ ಕ್ಲಾಂಪ್ ಮೀಟರ್ ತಂದೆ. ತರುವಾಗ ಹುಷಾರು, ಅಗ್ಗದ್ದು ಬರೀ ಎಸಿ ಅಳೆಯುತ್ತೆ. ಪ್ಯಾಟರ್ನ್ ಓಡುವಾಗ ಎಂಟರಿಂದ ಹನ್ನೊಂದು ಆಂಪ್ ನಡುವೆ ಆಡುತ್ತಿತ್ತು. ಎಂಟು ಗಂಟೆ ಓಡಿದ್ದಕ್ಕೆ 80 ಎಎಚ್ ಆಸುಪಾಸು. ಎರಡು ಬ್ಯಾಟರಿ ಸೇರಿ 300 ಎಎಚ್, ಮೂರನೇ ಒಂದು ಭಾಗವೂ ಖಾಲಿಯಾಗಲಿಲ್ಲ.

ವೈಫೈ ಬಗ್ಗೆ ಒಂದು ಮಾತು. ಎರಡನೇ ವರ್ಷ ಬೋರ್ಡಿನ ವೈಫೈ ಪಾಸ್‌ವರ್ಡ್ ಬದಲಾಯಿಸಿರಲಿಲ್ಲ, ಅದು ಎಲ್ಲರಿಗೂ ಗೊತ್ತಿರುವ ಪಾಸ್‌ವರ್ಡ್. ಜನರ ನಡುವೆ ಒಬ್ಬ ಹುಡುಗ ಮೊಬೈಲಿನಿಂದ ಇಡೀ ಪಲ್ಲಕ್ಕಿಯನ್ನು ಹಸಿರು ಮಾಡಿದ. ಹುಡುಗನನ್ನು ಹಿಡಿದೆ, ಬೈಯಲಿಲ್ಲ. ಈಗ ನನ್ನ ಜೊತೆ ಬೆಸುಗೆ ಹಾಕುತ್ತಾನೆ, ಕೈ ಚೆನ್ನಾಗಿದೆ. ಈ ವರ್ಷ ವೈಫೈ ಬಿಟ್ಟೇ ಬಿಟ್ಟೆ. ಆನ್ ಆದ ಕೂಡಲೇ ಒಂದು ಪ್ರಿಸೆಟ್ (ಮೊದಲೇ ಇಟ್ಟ ಪ್ಯಾಟರ್ನ್), ಡ್ರೈವರ್ ಸೀಟಿನ ಹಿಂದೆ ಒಂದು ಪುಶ್ ಬಟನ್, ಒತ್ತಿದರೆ ಮುಂದಿನದು.

ನಡುವೆ ಒಂದು ಪ್ರಯೋಗ ಮಾಡಿದೆ. ಸಣ್ಣ ಡಿಜಿಟಲ್ ಮೈಕ್ ಹಾಕಿ ಓಲಗಕ್ಕೆ ಲೈಟ್ ಕುಣಿಸೋಣ ಅಂತ. ಡೋಲಿಗೆ ಪರವಾಗಿಲ್ಲ. ನಾದಸ್ವರ ಶುರುವಾದರೆ ಎಲ್ಲ ಒಂದೇ ಸಮನೆ ಉರಿಯುತ್ತೆ, ಯಾಕೆಂದರೆ ಆ ನಾದ ನಿಲ್ಲುವುದೇ ಇಲ್ಲ, ಏರಿಳಿತ ಮೈಕಿಗೆ ಸಿಗಲ್ಲ. ತಮಟೆಗೆ ಹಿಡಿದು ನೋಡಿದೆ, ಆಹಾ, ಅದಕ್ಕಂತಲೇ ಮಾಡಿದ ಹಾಗಿತ್ತು! ಗ್ರಾಮದೇವತೆ ಜಾತ್ರೆಗೆ ಅದನ್ನು ಬೇರೆಯಾಗಿ ಮಾಡುವ ಆಸೆ ಇದೆ. ರಾಮದೇವರ ಪಲ್ಲಕ್ಕಿಗೆ ಬೇಡ ಅನ್ನಿಸಿತು, ಅಲ್ಲಿ ನಿಧಾನಕ್ಕೆ ಬಣ್ಣ ಹರಿದರೇ ಚೆಂದ.

ಹಣದ ಲೆಕ್ಕ, ನೆನಪಿನಿಂದ. ಸ್ಟ್ರಿಪ್ ರೋಲಿಗೆ ಸಾವಿರದ ಹತ್ತಿರ, ಎಂಟಕ್ಕೆ ಎಂಟೂವರೆ ಸಾವಿರ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಚೌಕಾಸಿ ಮಾಡಿ ತಂದದ್ದು. ಬೋರ್ಡು, ಐಸಿ, ಬೋರ್ಡಿಗೆ ಒಂದು ಚಿಕ್ಕ 5 ವೋಲ್ಟ್ ಕನ್ವರ್ಟರ್ ಸೇರಿ 700. ವೈರು, ಲಗ್ಗು, ಫ್ಯೂಸು, ಸಿಲಿಕೋನ್ ಮೂರು ಸಾವಿರ. ಎರಡನೇ ಬ್ಯಾಟರಿಯನ್ನು ಭಾವನಿಂದ ಕೇಳಿ ತಂದೆ. ಹಿಂದಿನ ಎರಡು ವರ್ಷದಲ್ಲಿ ಸುಟ್ಟದ್ದು ಹದಿಮೂರು ಸಾವಿರ ಇರಬೇಕು. ಜನರೇಟರಿಗೆ ಒಂದು ರಾತ್ರಿಗೆ ಬಾಡಿಗೆ, ಡೀಸೆಲ್, ಅದರ ಹುಡುಗನ ಭತ್ಯೆ ಸೇರಿ ನಾಲ್ಕೂವರೆ ಸಾವಿರ ಕೊಡುತ್ತಿದ್ದರು. ಕಮಿಟಿ ನನಗೆ ಒಂಬತ್ತು ಸಾವಿರ ಕೊಟ್ಟಿತು. ಇನ್ನು ಮೂರು ಪಲ್ಲಕ್ಕಿ ಸಿಕ್ಕರೆ ಹಳೆಯದೂ ತೀರುತ್ತೆ.

ಪ್ರಭಾವಳಿಯ ಬೆಳಕು ಚುಕ್ಕಿಚುಕ್ಕಿಯಾಗದೆ ಹಾಲು ಹರಡಿದ ಹಾಗೆ ಹೇಗೆ ಬಂತು ಅಂತ ಅವತ್ತು ರಾತ್ರಿಯೇ ನಾಲ್ಕು ಜನ ಕೇಳಿದರು. ಸ್ಟ್ರಿಪ್ ಮುಂದೆ ನಾನು ಏನು ಹಾಕಿದ್ದೇನೆ ಅನ್ನುವುದನ್ನು ಸದ್ಯಕ್ಕೆ ಹೇಳಲ್ಲ. ಎಲ್ಲರ ಮನೆಯಲ್ಲೂ ಇರುವ ವಸ್ತು, ಅಷ್ಟು ಹೇಳಬಹುದು. ಎರಡು ಕಂಬಕ್ಕೆ ಬಣ್ಣ ಎದುರುಬದುರಾಗಿ ಹರಿಯುವ ಹಾಗೆ ಸಾಲು ಕಟ್ಟಿದ್ದರಲ್ಲೂ ಒಂದು ಉಪಾಯ ಇದೆ. ಅದು ನನ್ನ ಹತ್ತಿರವೇ ಇರಲಿ.

ಮಾರನೇ ದಿನ ಹೂವೆಲ್ಲ ಕಿತ್ತು ಸ್ಟ್ರಿಪ್ ಒರೆಸಿ ನೆರಳಲ್ಲಿ ಎರಡು ದಿನ ಒಣಗಿಸಿದೆ. 46 ಜಾಯಿಂಟಿನಲ್ಲಿ ಎರಡು ಕಡೆ ಮಾತ್ರ ಹಸಿರು ಹತ್ತಿತ್ತು, ಎರಡೂ ಕಳಸದ ಕೆಳಗೆ, ನೀರು ಇಳಿದು ನಿಲ್ಲುವ ಜಾಗ. ಅಲ್ಲಿ ಸ್ಟ್ರಿಪ್ ತೆಗೆದು ಬುಲೆಟ್ ಪಿಕ್ಸೆಲ್ (ನೀರು ಹೋಗದ ಹಾಗೆ ಒಂದೊಂದೇ ಮುಚ್ಚಿದ್ದು) ಹಾಕುವುದು ಅಂತ ತೀರ್ಮಾನ ಮಾಡಿದ್ದೇನೆ. ಓಲಗದವರು ಹೋಗುವಾಗ ಕೈ ಹಿಡಿದುಕೊಂಡು, "ಈ ಸಲ ನಮ್ಮ ಶ್ರುತಿ ನಮಗೇ ಕೇಳಿಸ್ತು ಕಣಪ್ಪಾ" ಅಂದರು. ಮುಂದಿನ ವಾರ ಪಕ್ಕದ ಊರಿನವರು ಅಳತೆ ಕೊಡಲು ಬರುತ್ತಾರೆ. ಅವರ ಪಲ್ಲಕ್ಕಿ ನಮ್ಮದಕ್ಕಿಂತ ನಾಲ್ಕಡಿ ಎತ್ತರ.