ನರಕೋಶವನ್ನು ಊದಿ ಬಿಡಿಸುವುದು ಹೇಗೆ

ನರಕೋಶದ ಚಿತ್ರವನ್ನು ಬ್ರಶ್ಶಿನಲ್ಲಿ ಬಿಡಿಸಿದರೆ ಜೀವ ಇಲ್ಲದ ಹಾಗೆ ಕಾಣುತ್ತದೆ, ಅಲ್ವಾ? ನಮಗೆ ಗೊತ್ತಿಲ್ಲದೆಯೇ ಕೈ ಕೊಂಬೆಗಳನ್ನೆಲ್ಲ ಸಮನಾಗಿ ಜೋಡಿಸಿಬಿಡುತ್ತದೆ. ಅದಕ್ಕೇ ಇಂಕನ್ನು ಊದಬೇಕು. ನರವಿಜ್ಞಾನದಲ್ಲಿ ಪಿಎಚ್‌ಡಿ ಮಾಡಿ ಕಲಾವಿದರಾದ ಅಮೆರಿಕದ ಗ್ರೆಗ್ ಡನ್ ಕೂಡ ಇಂಕನ್ನು ಊದಿಯೇ ಕವಲು ತೆಗೆಯುತ್ತಾರೆ.

ಮೊದಲು ಇಳಿತದ ಹೊತ್ತಿಗೆ ಕಾರವಾರದ ಟಾಗೋರ್ ಬೀಚಿಗೆ ಹೋಗಿ. ನೀರು ಸರಿದ ಮೇಲೆ ಮರಳಲ್ಲಿ ನರಕೋಶದ ಹಾಗೆಯೇ ಕವಲೊಡೆದ ಸಣ್ಣ ಕಾಲುವೆಗಳು ಉಳಿದಿರುತ್ತವೆ. ದಪ್ಪದ್ದು ಎಲ್ಲಿ ಒಡೆಯುತ್ತದೆ, ಎಷ್ಟು ಜಾಗ ಖಾಲಿ ಬಿಡುತ್ತದೆ ಅಂತ ನೋಡಿ ಪೆನ್ಸಿಲ್ಲಲ್ಲಿ ಗೀಚಿಕೊಳ್ಳಿ. ಫೋಟೋ ಬೇಡ, ಗೀಚಿದರೇ ಕಣ್ಣು ಪಳಗುವುದು.

ಐವರಿ ಶೀಟ್ ತನ್ನಿ. ಸಾದಾ ಡ್ರಾಯಿಂಗ್ ಶೀಟ್ ಇಂಕನ್ನು ಹೀರಿಕೊಳ್ಳುತ್ತದೆ, ಓಡಲು ಬಿಡುವುದಿಲ್ಲ. ನಮ್ಮ ಮಳೆಗಾಲದಲ್ಲಂತೂ ಕಾಗದ ಥಂಡಿ ಹಿಡಿದು ಗೆರೆ ಹರಡುತ್ತದೆ, ಹಾಗಾಗಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟು ಬೇಕಾದಾಗ ಮಾತ್ರ ತೆಗೆಯಿರಿ.

ಶುರುವಿಗೆ ಕಿರುಮೆದುಳಿನ ಪರ್ಕಿಂಜೆ ಅನ್ನುವ ನರಕೋಶ ಒಳ್ಳೆಯದು. ಅದರ ಕೊಂಬೆಗಳು ಚಪ್ಪಟೆಯಾಗಿ ಹರಡಿರುವುದರಿಂದ ಕಾಗದಕ್ಕೆ ಚೆನ್ನಾಗಿ ಒಗ್ಗುತ್ತದೆ. ಸ್ವಲ್ಪ ನೀರು ಬೆರೆಸಿದ ಇಂಡಿಯನ್ ಇಂಕಿನ ಒಂದು ಹನಿ ಬಿಡಿ. ಸ್ಟ್ರಾವನ್ನು ಕಾಗದಕ್ಕೆ ತಾಗುವಷ್ಟು ಬಗ್ಗಿಸಿ, ಒಂದೇ ದಿಕ್ಕಿಗೆ ತುಸು ತುಸುವೇ ಊದಿ. ಜೋರಾಗಿ ಊದಿದರೆ ಸಿಡಿಯುತ್ತದೆ ಅಷ್ಟೇ. ಕವಲಿನ ತುದಿ ಒಣಗುವ ಮುಂಚೆ ಶೀಟನ್ನು ಸ್ವಲ್ಪ ತಿರುಗಿಸಿ ಆ ತುದಿಯನ್ನೇ ಮತ್ತೆ ಊದಿದರೆ ಅದು ಇನ್ನೆರಡಾಗುತ್ತದೆ. ಈ ಕೋಶದ ಕೊಂಬೆಗಳು ಒಂದನ್ನೊಂದು ದಾಟುವುದು ತೀರಾ ಕಡಿಮೆ, ಆದ್ದರಿಂದ ಎರಡು ಗೆರೆ ಹತ್ತಿರ ಬಂದ ಕೂಡಲೇ ನಿಲ್ಲಿಸಿ. ಹನಿ ಇದ್ದ ಜಾಗವೇ ಕೋಶದ ಒಡಲು. ಅದರ ಇನ್ನೊಂದು ಬದಿಗೆ ನಿಬ್ಬಿನಿಂದ ಒಂದೇ ಒಂದು ತೆಳು ಎಳೆ ಎಳೆಯಿರಿ.

ಪೂರ್ತಿ ಒಣಗಿದ ಮೇಲೆ ಕೊಂಬೆಗಳುದ್ದಕ್ಕೂ ಚಿಕ್ಕ ಮುಳ್ಳುಗಳನ್ನು ಹಾಕಿ. ಇದನ್ನು ಮಾತ್ರ ಬಿಡಬೇಡಿ. 1888ರಲ್ಲಿ ಸ್ಪೇನಿನ ನರವಿಜ್ಞಾನಿ ರಮೋನ್ ಇ ಕಹಾಲ್ ಕೋಳಿಯ ಕಿರುಮೆದುಳಲ್ಲಿ ಇವನ್ನು ಕಂಡು ಬಿಡಿಸಿದಾಗ, ಅದು ಕೋಶಕ್ಕೆ ಬಣ್ಣ ಹಿಡಿಸುವಾಗ ಬಿದ್ದ ಕಲೆ ಅಷ್ಟೇ ಅಂತ ಹಲವರು ತಳ್ಳಿಹಾಕಿದ್ದರು. ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವ ಜಾಗಗಳಲ್ಲಿ ಇವೂ ಸೇರಿವೆ ಅಂತ ಆಮೇಲೆ ಗೊತ್ತಾಯಿತು.

ಶೀಟ್ ತುಂಬಿಸುವ ಆಸೆ ಬೇಡ. ಕಹಾಲ್ ಬಳಸಿದ್ದು 1873ರಲ್ಲಿ ಇಟಲಿಯ ವಿಜ್ಞಾನಿ ಗೋಲ್ಜಿ ಕಂಡುಹಿಡಿದ, ಬೆಳ್ಳಿಯ ಲವಣದಿಂದ ಕೋಶಕ್ಕೆ ಬಣ್ಣ ಹಿಡಿಸುವ ವಿಧಾನ. ಅದರಲ್ಲಿ ಬೆರಳೆಣಿಕೆಯ ಕೋಶಗಳಿಗೆ ಮಾತ್ರ ಬಣ್ಣ ಹಿಡಿಯುತ್ತದೆ, ಹಾಗಾಗಿಯೇ ಒಂದೊಂದು ಕೋಶವೂ ಇಡಿಯಾಗಿ ಕಾಣುವುದು. ನಿಮ್ಮ ಶೀಟಿಗೂ ಎರಡು ಸಾಕು, ಮೂರನೆಯದಕ್ಕೆ ಹೊಸದು ತೆಗೆಯಿರಿ.